ದೆಂದಿ ಸೀಮಿಯ ಕಾವಲುಗಾರ

ಮುಗೀತು ಅಂತ ಬರ್ದಾರಾ? ಎಲ್ಲಿ, ಇನ್ನೊಮ್ಮೆ ಓದು ಗೌರೀ. "ಯುದ್ಧದಲ್ಲಿ ಸೋತ ಬಳಿಕ ಸಾಮ್ರಾಜ್ಯವು ಕೊನೆಗೊಂಡಿತು." ಹ್ಞೂಂ. ಒಂದ ಸಾಲ್ನ್ಯಾಗ ಮುಗಿಸಿಬಿಟ್ರು ನೋಡು. ಹಂಗ ಮುಗಿಯಂಗಿಲ್ಲವ್ವ. ಹಂಪಿ ಸುಟ್ಟ ಮ್ಯಾಲ ಉಳಿದೋರು ಆನಿ ಮ್ಯಾಲ ಬೊಕ್ಕಸ ಹೇರ್ಕೊಂಡು ಪೆನುಗೊಂಡಕ್ಕ ಹೋದ್ರು, ಅಲ್ಲಿ ಕುಂತು ಎಷ್ಟೋ ವರ್ಷ ಬಡಿದಾಡಿದ್ರು. ಇಲ್ಲಿ ನಮ್ಮ ರಾಯದುರ್ಗದ ಗುಡ್ಡದ ಮ್ಯಾಲ ನಾಯಕರು ಕೋಟಿ ಬಿಗಿ ಮಾಡ್ಕೊಂಡು ಕುಂತ್ರು. ಮುಗೀತಂತ ಹೇಳೋರು ಗೆದ್ದೋರು. ಸೋತೋರಿಗೆ ಮಾರನೇ ದಿನ ಬೆಳಿಗ್ಗೆ ಎದ್ದು ಒಲಿ ಹಚ್ಚೋದು ಇರತೈತಿ, ಮಕ್ಳಿಗೆ ಏನು ಹಾಕೂದಂತ ನೋಡೋದು ಇರತೈತಿ. ನನಗ ಹೆಂಗ ಗೊತ್ತಂತೀ? ಪುಸ್ತಕ ಓದಿ ಅಲ್ಲ, ನಾ ಓದಿದ್ದು ಏಳನೇ ಕ್ಲಾಸು. ಹಂಗ ಕೊನೆಗೊಂಡ ಒಂದು ರಾಜ್ಯದ ಅರಸು ಮನೆತನದೋನ ಮನಿಯಾಗ ನಾ ಉಂಡೀನಿ, ಮಲಗೀನಿ, ಜ್ವರ ಬಂದು ಸಾಯಾಕ ಬಿದ್ದೀನಿ. ಆಫ್ರಿಕಾಕ್ಕ ಹೋಗಿದ್ನಲ್ಲ, ಅಲ್ಲಿ. ನೀ ಆಗ ಇನ್ನಾ ಅಂಗನವಾಡಿಗೆ ಹೋಗಾಕತ್ತಿದ್ದಿ, ಈ ಸಿದ್ದು ಅಂತೂ ತೊಟ್ಟಲ್ದಾಗಿದ್ದ. ಪುಸ್ತಕ ಮುಚ್ಚು, ಕುಂದ್ರು ಇಲ್ಲಿ. ನಿಮ್ಮಜ್ಜಿಗೆ ಕೇಳ್ಸೋದು ಬ್ಯಾಡ, ಆಕಿ ಇವತ್ತಿಗೂ ಈ ಮಾತು ತೆಗದ್ರ ಅಳ್ತಾಳ.

ನಾ ಬೊಮ್ಮನಹಾಳ್ ಕಡೆ ರೈಸ್ ಮಿಲ್ಲುಗಳ್ನ್ಯಾಗ ಮೂವತ್ತು ವರ್ಷ ಫಿಟ್ರು ಕೆಲಸ ಮಾಡಿದೋನು, ಗೊತ್ತೈತಲ್ಲ. ಕಾಲುವಿ ನೀರಿನ ಊರುಗಳು, ನೆಲ್ಲು ಬೆಳೀತಾರ. ಹೊರಗ ರೋಡ್ನ್ಯಾಗ ನಿಂತು ಮಿಷನ್ ಸದ್ದು ಕೇಳಿದ್ರ ಸಾಕು, ಯಾವ ಬೇರಿಂಗ್ ಹೋಗೈತಿ ಅಂತ ಹೇಳ್ತಿದ್ದೆ. ಸೊಕ್ಕಿನ ಮಾತಲ್ಲಪಾ, ಖರೇನ. ಆ ಮಿಷನ್ ಮಾರೋ ಮಂದಿ ಒಂದಿನ ಬಂದು, "ಕೊಟ್ರಪ್ಪಾರ, ಆಫ್ರಿಕಾದಾಗ ನೈಜರ್ ಅಂತ ದೇಶ, ಹೊಳಿ ದಂಡಿ ಮ್ಯಾಲ ಒಂದು ಮಿಲ್ಲು ಕೂಡ್ರಿಸೋದೈತಿ, ಆರು ತಿಂಗ್ಳ ಕೆಲಸ, ಬರ್ತೀರೇನ್ರಿ?" ಅಂದ್ರು. ನಿಮ್ಮಜ್ಜಿ ಬ್ಯಾಡ ಅಂದ್ಳು. ನಿಮ್ಮಪ್ಪನೂ ಬ್ಯಾಡ ಅಂದ. ಮನಿಯಾಗ ಕೊರತಿ ಏನೂ ಇರಲಿಲ್ಲ. ನನಗ ವಿಮಾನ ಹತ್ತಬೇಕು ಅನ್ನೋ ಆಸಿ, ಸುಳ್ಳ್ಯಾಕ ಹೇಳ್ಲಿ. ಐವತ್ತೆಂಟು ವರ್ಷದ ಮುದುಕಗ ವಿಮಾನದ ಆಸಿ! ಹೋದೆ.

ಜೊತಿಗೆ ಕೊಟ್ಟೋನು ಮಡಕಶಿರದ ಹನುಮಂತರಾಯ. ಕರೆಂಟ್ ಕೆಲಸದೋನು, ನಲವತ್ತರ ಆಚೀಚಿ ವಯಸ್ಸು, ಮನಿಯಾಗ ಹೆಣ್ತಿ, ಒಬ್ಬಳು ಮಗಳು. ಅವನ ಮಾತು ಕೇಳಿದ್ರ ನಮಗ ನಗಿ ಬರೋದು. ಸಿರಾ ಕಡೀ ಮಾತು. "ಏನಣ್ಣೋ, ಇಂಗೈತಲ್ಲ ಈ ದೇಸ, ನೋಡ್ದ್ ಕಡೆಗೆಲ್ಲ ಬರೀ ಮರ್ಳು, ಗಿಡ ಅನ್ನೋದೇ ಇಲ್ಲ ಕಣಣ್ಣ" ಅಂತಿದ್ದ. ನಾ ಅವಗ "ಲೇ ರಾಯಾ, ಬೆಳುಗುಪ್ಪ ಕಡೆ ಬ್ಯಾಸಗ್ಯಾಗ ಬಾ, ಇದೇ ಕಾಣ್ತೈತಿ" ಅಂತಿದ್ದೆ. ಖರೆ ಹೇಳ್ಬೇಕಂದ್ರ ಹೊಳಿಗುಂಟ ಹಸರು ಐತಿ ಅಲ್ಲಿ. ಹೊಳಿಗೂ ನೈಜರ್ ಅಂತನ ಹೆಸ್ರು, ದೇಶಕ್ಕೂ ಅದೇ ಹೆಸ್ರು. ನಾವಿದ್ದ ಸೀಮಿಗೆ ದೆಂದಿ ಅಂತಾರ. ಹೊಳಿ ಈ ದಂಡಿ ಒಂದು ದೇಶ, ಆ ದಂಡಿ ಇನ್ನೊಂದು ದೇಶ. ಮಂದಿ ಮಾತ್ರ ಎರಡೂ ಕಡೆ ಒಂದೇ ಮಂದಿ.

ಮೂರು ತಿಂಗ್ಳು ಛಲೋ ಇತ್ತು. ಮಿಲ್ಲು ಎದ್ದು ನಿಂತಿತು, ಶಾಫ್ಟು ಕೂಡ್ರಿಸಿದ್ವಿ, ಎರಡು ದೊಡ್ಡ ಮೋಟ್ರು ಬಂದ್ವು. ಹೊಸಾವು, ಪ್ಲಾಸ್ಟಿಕ್ ಹಾಳಿ ಸೈತ ಬಿಚ್ಚಿರಲಿಲ್ಲ. ಊರ ಮಂದಿ ಮಿಲ್ಲು ಸುರುವಾಗತೈತಂತ ನೆಲ್ಲಿನ ಚೀಲ ತಂದು ಒಟ್ಟಿದ್ರು. ಆಮ್ಯಾಲ ಒಂದಿನ ರೇಡಿಯೋದಾಗ ಸುದ್ದಿ ಬಂತು, ಸರ್ಕಾರ ಬಿತ್ತು, ಸಿಪಾಯಿಗಳು ಕುಂತ್ರು ಅಂತ. ನಮಗೇನು, ಯಾರು ಕುಂತ್ರ ಏನು ಅಂದ್ಕೊಂಡ್ವಿ. ಎರಡು ದಿನಕ್ಕ ಗಡಿ ಮುಚ್ಚಿದ್ರು. ಸೇತುವಿ ಮ್ಯಾಲ ತಂತಿ ಎಳೆದ್ರು, ಲಾರಿಗಳು ಕಣ್ಣು ಕಾಣೋತನಕ ಸಾಲಾಗಿ ನಿಂತ್ವು, ಒಳಗಿದ್ದ ಉಳ್ಳಾಗಡ್ಡಿ ಕೊಳತು ನಾತ ಹೊಡಿಯಾಕತ್ತಿತು. ಕರೆಂಟು ಆ ಕಡೆ ದೇಶದಿಂದ ಬರೋದು, ಅದೂ ಹೋತು. ನಮ್ಮ ಮ್ಯಾನೇಜರ್ ಬಂದ. ಅವ ರಾಜಧಾನಿಯಿಂದ ಬಂದ ಮನಷ್ಯಾ, ಬಿಳಿ ಅಂಗಿ, ಬಾಯಿ ತುಂಬ ನಗಿ. "ಪಾಸ್ಪೋರ್ಟ್ ಕೊಡ್ರಿ, ಎಲ್ಲಾರ್ದೂ ಒಂದು ಮುದ್ರಿ ಹಾಕ್ಸಬೇಕಂತ, ಒಂದು ವಾರದಾಗ ತಂದುಕೊಡ್ತೀನಿ" ಅಂದ. ಕೊಟ್ವಿ. ಇಬ್ರೂ ಕೊಟ್ವಿ. ಕೊಡೋದು ಬ್ಯಾಡಂತ ಒಂದು ಮಾತು ನನ್ನ ತಲಿಯಾಗ ಬರಲಿಲ್ಲ ನೋಡು, ಮುದುಕಾಗಿದ್ದೆ ಸುಮ್ನ. ವಾರ ಹೋತು, ಎರಡು ವಾರ ಹೋತು, ಮ್ಯಾನೇಜರ್ ಇಲ್ಲ. ಒಂದಿನ ನಾವು ಶೆಡ್ಡಿಗೆ ಹೋಗಿ ನೋಡಿದ್ರ ಮೋಟ್ರೂ ಇಲ್ಲ. ಎರಡೂ ಇಲ್ಲ. ಕಾವಲುಗಾರನ್ನ ಕೇಳಿದ್ವಿ. ಅವ ನೆಲ ನೋಡ್ಕೋತ, "ರಿಪೇರಿಗೆ ಒಯ್ದಾರ" ಅಂದ. ಹೊಸಾ ಮೋಟ್ರಿಗೆ ಎಂಥಾ ರಿಪೇರಿ ಅಂತ ಅನುಮಾನ ಬಂತು. ಆದ್ರ ಯಾರನ್ನ ಕೇಳೋದು? ಫೋನು ಹತ್ತಂಗಿಲ್ಲ. ಮನಿಗೆ ಮಾತಾಡಿ ತಿಂಗ್ಳಾಗಿತ್ತು.

ಆ ಕಾವಲುಗಾರನ ಹೆಸ್ರು ಸೈದು. ಎಪ್ಪತ್ತರ ಮುದುಕ, ಎತ್ತರ ಅಂದ್ರ ಎತ್ತರ, ಬಾಗ್ಲಾಗ ಬಗ್ಗಿ ಬರ್ಬೇಕು, ಮೈಮ್ಯಾಲ ಹರಿದು ಹೊಲಿದ ನೀಲಿ ನಿಲುವಂಗಿ. ಹರೇದಾಗ ಯಾವುದೋ ಬಂದರ್ನ್ಯಾಗ ಹಮಾಲಿ ಮಾಡಿದ್ನಂತ, ಹಂಗಾಗಿ ಮುರುಕ ಇಂಗ್ಲಿಷ್ ಬರ್ತಿತ್ತು. ನಂದು ಅದಕ್ಕಿಂತ ಮುರುಕು. ಇಬ್ರೂ ಕೈ ಬಾಯಿ ಕೂಡಿಸಿ ಮಾತಾಡ್ತಿದ್ವಿ, ನಿಮಗ ನಮ್ಮ ಮಾತ್ನ್ಯಾಗ ಹೇಳ್ತೀನಿ. ನಮ್ಮ ಹತ್ರ ತಿನ್ನಾಕ ಏನೂ ಉಳೀದಿದ್ದಾಗ ಅವ ಶೆಡ್ಡಿಗೆ ಬಂದು, "ಏಳ್ರಿ, ನಮ್ಮ ಮನಿಗೆ ನಡೀರಿ" ಅಂದ. ಮಣ್ಣಿನ ಮನಿ, ಎರಡು ಕೋಣಿ. ಮಗಳು ಫಾತಿ, ಗಂಡ ಸತ್ತಾಕಿ, ಅಡಗಿ ಆಕೀದು. ಮೊದಲ ದಿನ ಏನು ಹಾಕಿದ್ಳು ಗೊತ್ತೇನು? ಸಜ್ಜಿ ಗಂಜಿ, ಅದಕ್ಕ ಪುಂಡಿಪಲ್ಯ! ನಮ್ಮ ಪುಂಡಿಪಲ್ಯಾನ, ಅದೇ ಹುಳಿ. ಇನ್ನೊಂದಿನ ನುಗ್ಗಿ ಸೊಪ್ಪು, ಮ್ಯಾಲ ಶೇಂಗಾಪುಡಿ. ಹನುಮಂತರಾಯ ಬಟ್ಲ ಹಿಡ್ಕೊಂಡು ಗಳಗಳ ಅತ್ತ. "ಕೊಟ್ರಣ್ಣ, ನಮ್ಮವ್ವ ಮಾಡ್ದಂಗೇ ಐತೆ ಕಣಣ್ಣ" ಅಂದ. ಆದ್ರ ಎಷ್ಟು? ಒಂದು ಬಟ್ಲ, ಒಂದೇ ಹೊತ್ತು. ಆ ತಾಯಿ ತಾನು ಉಂಡ್ಳೋ ಬಿಟ್ಳೋ ನಾ ಒಂದಿನನೂ ಕಣ್ಣಿಲೆ ಕಾಣಲಿಲ್ಲ. ಅಲ್ಲಿ ಮಳಿಗಾಲ ಅಂದ್ರ ಹಸಿವಿನ ಕಾಲ. ಹಳೇ ಕಾಳು ತೀರಿರತೈತಿ, ಹೊಲದಾಗಿಂದು ಇನ್ನಾ ಬಂದಿರಂಗಿಲ್ಲ.

ಇನ್ನ ಮಿಲ್ನ್ಯಾಗ ಚೀಲಗಟ್ಲೆ ನೆಲ್ಲು ಐತಿ, ಊರಾಗ ಹುಡುಗರು ಹಸಿದು ಕುಂತಾವು. ಹೆಣ್ಮಕ್ಳು ಒನಕಿ ತಗೊಂಡು ಕುಟ್ಟತಿದ್ರು, ಕುಟ್ಟಾಕ ತೋಳಿನ್ಯಾಗ ಶಕ್ತಿ ಬೇಕಲ್ಲ. ನನಗ ತಡ್ಕೊಳಾಕ ಆಗಲಿಲ್ಲ. ಹೊಳಿಯಾಗಿನ ನೀರೆತ್ತೋ ಒಂದು ಹಳೇ ಡೀಸಲ್ ಇಂಜಿನ್ನು ಬಿದ್ದಿತ್ತು. ಅದನ್ನ ಬಿಚ್ಚಿ, ತೊಳದು, ಲಾರಿ ಟೈರು ಕೊರದು ಬೆಲ್ಟ್ ಮಾಡಿ, ನೆಲ್ಲಿನ ಹೊಟ್ಟು ಬಿಡಿಸೋ ಸಣ್ಣ ಹಲ್ಲರಿಗೆ ಕಟ್ಟಿದ್ವಿ. ಎಂಟು ದಿನ ಬೇಕಾತು. ಇಂಜಿನ್ನು ಹತ್ತಿ ಮೊದಲ ಹಿಡಿ ಅಕ್ಕಿ ಹೊರಗ ಬಿತ್ತಲ್ಲ, ಆ ಹೆಣ್ಮಕ್ಳು ಖುಷಿಲೆ ಕೂಗಿದ ದನಿ ಇನ್ನಾ ನನ್ನ ಕಿವಿಯಾಗೈತಿ. ಅರ್ಧಕ್ಕರ್ಧ ನುಚ್ಚು. ನಮ್ಮೂರಾಗಾಗಿದ್ರ ನನಗ ಉಗೀತಿದ್ರು. ಅವರು ನನ್ನ ಕೈ ಹಿಡ್ಕೊಂಡು ಹಣಿಗೆ ಒತ್ಕೊಂಡ್ರು. ಡೀಸಲ್ ಇದ್ದಷ್ಟು ದಿನ ಓಡ್ಸಿದ್ವಿ. ಆಮ್ಯಾಲ ಡೀಸಲ್ಲೂ ತೀರಿತು, ನನಗ ಜ್ವರನೂ ಬಂತು.

ಮಲೇರಿಯಾ. ಒಂದಿನ ಬೆಂಕಿ, ಒಂದಿನ ನಡುಕು. ಸೈದುನ ಮನಿ ಮುಂದ ಚಾಪಿ ಮ್ಯಾಲ ಬಿದ್ದಿದ್ದೆ. ಒಂದು ಸಂಜಿ ಅವ ನನ್ನ ಹತ್ರ ಕುಂತು ಮಾತು ತಗದ. ಹನುಮಂತರಾಯನೂ ಇದ್ದ. "ಕೊತ್ರಾ," ಅಂದ, ಅವಗ ಕೊಟ್ರ ಅನ್ನಾಕ ಬರ್ತಿರಲಿಲ್ಲ, "ಕೊತ್ರಾ, ನಿನಗ ನಮ್ಮ ಅರಸರ ಸಂಗತಿ ಹೇಳ್ತೀನಿ, ಚಿತ್ತಗೊಟ್ಟು ಕೇಳು." ನಾ ಜ್ವರದಾಗ ಹ್ಞೂಂ ಅಂದೆ. ಅವ ಹೇಳಿದ್ದಿಷ್ಟು. ಅವರ ಮಂದಿಗೆ ಸೊಂಘಾಯ್ ಅಂತಾರ. ಒಂದಾನೊಂದು ಕಾಲಕ್ಕ ಈ ಹೊಳಿಗುಂಟ ತಿಂಗ್ಳಗಟ್ಲೆ ನಡದ್ರೂ ಅವರದೇ ರಾಜ್ಯ ಇತ್ತಂತ. ಪಟ್ಟಕ್ಕ ಕುಂತೋನಿಗೆ ಆಸ್ಕಿಯಾ ಅಂತಿದ್ರು. ಅದು ಮನಷ್ಯಾನ ಹೆಸರಲ್ಲ, ಪಟ್ಟದ ಹೆಸರು, ನಮ್ಮಲ್ಲಿ ರಾಯ ಅಂದಂಗ. ಮರಳುಗಾಡು ದಾಟಿ ಮೊರಾಕ್ಕೋದ ಸುಲ್ತಾನನ ದಂಡು ಬಂತು, ಕೈಯಾಗ ಬಂದೂಕು. ಇವರ ಕೈಯಾಗ ಈಟಿ, ಬಿಲ್ಲು. ಒಂದೇ ದಿನದಾಗ ದಂಡು ಒಡದು ಹೋತು. ಊರು ಹೋತು, ಅರಮನಿ ಹೋತು. ಹನುಮಂತರಾಯ ನಡುವ ಬಾಯಿ ಹಾಕಿದ, "ಅಣ್ಣ, ನಮ್ಮ ಅಂಪಿ ಕತೆ ಇದ್ದಂಗೈತಲ್ಲಣ್ಣ. ಅರಸರು ಪೆನುಗೊಂಡಕ್ಕೆ ಬಂದ್ರಂತೆ, ಅದು ನಮ್ಮೂರಿಗೆ ಅತ್ರಾನೇ ಕಣಣ್ಣ." ನಾ ಅದನ್ನ ಸೈದುಗ ಹೇಳಿದೆ. ಅವ ಇನ್ನಷ್ಟು ಹತ್ರ ಸರದು ಕುಂತ. "ಹಂಗಾದ್ರ ನಿಮಗ ತಿಳಿತೈತಿ" ಅಂದ.

ಮುಂದ ಕೇಳ್ರಿ. ಸೋತು ಉಳಿದ ಮಂದಿ ಒಬ್ಬನ್ನ ಹೊಸಾ ಆಸ್ಕಿಯಾ ಮಾಡ್ಕೊಂಡ್ರು. ಗೆದ್ದ ದಂಡಿಗೆ ತಿನ್ನಾಕ ಇಲ್ಲ, ಕುದರಿ ಕೊಯ್ಕೊಂಡು ತಿಂದ್ರಂತ. ಆ ದಂಡಿನ ಸರದಾರ ಇವಗ ಹೇಳಿ ಕಳ್ಸಿದ, "ಹಸಿದೀವಿ, ಕಾಳು ಕೊಡು" ಅಂತ. ಈ ಅರಸು ಕೊಟ್ಟ! ಹೊಳಿ ಆ ದಂಡ್ಯಾಗ ಬಿಳಿ ಜ್ವಾಳ ಮಾಗಿ ನಿಂತಿತ್ತು, ಅಷ್ಟೂ ಕೊಯ್ಸಿ ಕಳ್ಸಿದ. ಬಿಳಿ ಜ್ವಾಳ, ನಾವು ರೊಟ್ಟಿ ಬಡಿತೀವಲ್ಲ, ಅದೇ. ತನ್ನ ಊರು ಸುಟ್ಟೋನಿಗೆ ಜ್ವಾಳ ಕೊಟ್ಟ. ಉಂಡಾದ ಮ್ಯಾಲ ಸರದಾರ ಮತ್ತ ಹೇಳಿ ಕಳ್ಸಿದ, "ನೀ ಬಾ, ನನ್ನ ಕೂಡ ಊಟ ಮಾಡು, ಒಪ್ಪಂದ ಮಾಡ್ಕೊಳ್ಳೋಣು, ನಿನಗ ಏನೂ ಆಗಂಗಿಲ್ಲ" ಅಂತ. ಮನಿ ಹಿರೇರು ಬ್ಯಾಡ ಅಂದ್ರು. "ಹೋಗೋದಾದ್ರ ಒಬ್ಬೊಬ್ರ ಹೋಗೋಣು, ಎಲ್ಲಾರೂ ಕೂಡಿ ಹೋಗೋದು ಬ್ಯಾಡ" ಅಂದ್ರು. ಅರಸು ಕೇಳಲಿಲ್ಲ. ಜ್ವಾಳ ಉಂಡೋನು ಮೋಸ ಮಾಡ್ತಾನೇನು ಅಂತ ಅವನ ನಂಬಿಕಿ. ಊಟಕ್ಕ ಕುಂತಾಗ ಹಿಡದ್ರು. ಜೊತಿಗೆ ಹೋದೋರನ್ನೂ ಹಿಡದ್ರು. ಸರಪಳಿ ಹಾಕಿ ಕೊಂದ್ರು. ಹೊರಗ ಉಳಿದ ತಮ್ಮ ಈ ದೆಂದಿ ಸೀಮಿಗೆ ಬಂದ. ಇಲ್ಲಿ ಜೌಗು, ಜೊಂಡು, ಕಾಡು, ಬಂದೂಕಿನ ಮದ್ದು ತೊಯ್ದು ಹೋಗೋ ನೆಲ. ಬೆರಳೆಣಿಕಿ ಮಂದಿ ಕಟ್ಕೊಂಡು ವರ್ಷಗಟ್ಲೆ ಬಡಿದಾಡಿದ. ಬಂದೂಕಿನೋರು ಜ್ವರ ಬಂದು ಸತ್ರು, ಹೊಟ್ಟಿ ಕೆಟ್ಟು ಸತ್ರು, ಕಡೀಕ ತಿರುಗಿ ಹೋದ್ರು. "ಆ ತಮ್ಮನ ಮನೆತನ ನಮ್ದು," ಅಂದ ಸೈದು. ಹರಕು ಅಂಗಿ, ಮಿಲ್ಲಿನ ಕಾವಲಿ, ಆದ್ರ ಆ ಮಾತು ಅಂದಾಗ ಬೆನ್ನು ನೆಟ್ಟಗ ಮಾಡಿ ಕುಂತಿದ್ದ. ಆಮ್ಯಾಲ ನನ್ನ ಕಡೆ ಬಗ್ಗಿ, "ಕರೆದ್ರ ಹೋಗಬ್ಯಾಡ್ರಿ" ಅಂದ. ಅಷ್ಟೇ. ಯಾರು ಕರೆದ್ರ, ಎಲ್ಲಿಗೆ ಕರೆದ್ರ, ಯಾಕ ಹೋಗಬಾರ್ದು, ಅದನ್ನ ಹೇಳಲಿಲ್ಲ. ನಾ ಹಳೇ ಕತಿ ಅಂದ್ಕೊಂಡು ನಿದ್ದಿಗೆ ಹೋದೆ.

ನಾಕು ದಿನಕ್ಕ ಒಬ್ಬ ಡ್ರೈವರ್ ಬಂದ, ಮ್ಯಾನೇಜರಿನ ಚೀಟಿ ತಂದ. ಪಾಸ್ಪೋರ್ಟ್ ತಯಾರದಾವು, ಇಬ್ರೂ ಪ್ಯಾಟಿಗೆ ಬರ್ರಿ, ಒಂದು ಕಾಗದಕ್ಕ ಸಂತಕ ಹಾಕ್ರಿ, ಅಲ್ಲಿಂದನ ವಿಮಾನಕ್ಕ ಕಾರು ಅಂತ. ಹನುಮಂತರಾಯ ಕುಣಿದುಬಿಟ್ಟ. ನಾ ಎದ್ದು ಕುಂದ್ರಾಕ ಆಗ್ತಿರಲಿಲ್ಲ. ಸೈದು ಚೀಟಿ ನೋಡಿದ, ಮಾರಿ ಬೂದಿ ಆತು. "ಹೋಗಬ್ಯಾಡ" ಅಂದ. ಹನುಮಂತರಾಯ ನನ್ನ ಕಡೆ ತಿರುಗಿ ಅಂದ, "ಈ ತಾತಂದು ಬಿಡಣ್ಣ, ಯಾವ್ದೋ ಕಾಲದ ರಾಜನ್ನ ಕಟ್ಕೊಂಡು ಕುಂತವ್ನೆ. ನಾನೋಗಿ ಇಬ್ರುದೂ ಇಸ್ಕೊಂಡು ಬತ್ತೀನಿ. ನಿನ್ ಮೈ ನೋಡ್ಕೊಂಡ್ರೆ ನಂಗೆ ಭಯಾಗ್ತೈತೆ ಕಣಣ್ಣ. ಇಲ್ಲೇ ಇದ್ರೆ ನೀನು ಉಳಿಯಲ್ಲ." ನನ್ನ ಸಲುವಾಗಿ ಹೊಂಟಾನ ಅಂತ ನನಗ ಗೊತ್ತಿತ್ತು. "ಬ್ಯಾಡಪಾ" ಅಂದೆ. ಆದ್ರ ಗಟ್ಟಿಯಾಗಿ ಅನ್ನಲಿಲ್ಲ. ಒಳಗೊಳಗ ನನಗೂ ಆಸಿ, ಪಾಸ್ಪೋರ್ಟ್ ಬರ್ಲಿ, ಮನಿ ಕಾಣ್ಲಿ ಅಂತ. ಇದು ನನ್ನ ತಪ್ಪು. ಬರಕೋರಿ, ಇದು ನನ್ನ ತಪ್ಪು. ಅವ ಗಾಡಿ ಹತ್ತಿ ಹೋದ. ಕೈ ಬೀಸಿದ.

ಸಂಜಿಗೆ ಬರ್ಬೇಕು, ಬರಲಿಲ್ಲ. ಮಾರನೇ ದಿನ ಬರಲಿಲ್ಲ. ಒಂದು ವಾರ. ಹತ್ತು ದಿನ. ಜ್ವರ ಇಳೀತು. ದಿನಾ ದಾರಿಗೆ ಹೋಗಿ ನಿಲ್ಲೋದು, ಧೂಳೆದ್ರ ಓಡೋದು, ಅದು ಯಾವುದೋ ಕತ್ತಿ ಎಳಿಯೋ ಗಾಡಿ ಇರೋದು. ಅವನ ಮಗಳಿಗೆ ಏನು ಹೇಳ್ಲಿ? "ನಿಮ್ಮಪ್ಪ ನನಗ ಪಾಸ್ಪೋರ್ಟ್ ತರಾಕ ಹೋದ" ಅಂತ ಹೇಳ್ಲಾ? ಒಂದಿನ ಹೊಳಿಗೆ ಹೋದೆ. ಮಳಿ ಬಿದ್ದು ಕೆಂಪು ನೀರು, ದಂಡಿ ತುಂಬಿ ಹರೀತಿತ್ತು. ಮೊಣಕಾಲು ಮಟ ಇಳಿದು ನಿಂತೆ. ಯಾಕ ಇಳಿದೆ ಅಂತ ಕೇಳಬ್ಯಾಡ್ರಿ. ನಿಂತೆ, ಬಹಳ ಹೊತ್ತು ನಿಂತೆ. ಫಾತಿ ನೀರಿಗೆ ಬಂದಾಕಿ ನೋಡಿದ್ಳು. ಕೊಡ ಅಲ್ಲೇ ಬಿಟ್ಟು ಬಂದು ನನ್ನ ರಟ್ಟಿ ಹಿಡದ್ಳು. ಆಕಿ ಮಾತು ನನಗ ತಿಳೀತಿರಲಿಲ್ಲ, ನನ್ನ ಮಾತು ಆಕಿಗೆ ತಿಳೀತಿರಲಿಲ್ಲ. ದನದ ಹಗ್ಗ ಹಿಡದು ಎಳಕೊಂಡು ಹೋದಂಗ ಎಳಕೊಂಡು ಮನಿಗೆ ತಂದ್ಳು. ಅಪ್ಪಗ ಏನೇನೋ ಬೈದ್ಳು, ಅಳ್ಕೋತ ಬೈದ್ಳು. ಸೈದು ತಲಿ ತಗ್ಗಿಸ್ಕೊಂಡು ಕುಂತ.

ಹನ್ನೆರಡನೇ ದಿನ… ಇಲ್ಲ, ಹದಿಮೂರನೇ ದಿನ, ಲಾರಿ ಮಂದಿ ಸುದ್ದಿ ತಂದ್ರು. ಪ್ಯಾಟಿ ಠಾಣಾದಾಗ ಒಬ್ಬ ಇಂಡಿಯಾದೋನ್ನ ಕೂಡಿಹಾಕ್ಯಾರ, ಮಿಲ್ಲಿನ ಮೋಟ್ರು ಕದ್ದು ಮಾರಿದಾನಂತ, ತಾನೇ ಒಪ್ಕೊಂಡು ಕಾಗದಕ್ಕ ಸಂತಕ ಹಾಕ್ಯಾನಂತ. ಕಾಗದ ಫ್ರೆಂಚ್ ಭಾಷೆದಾಗ! ಅವಗ ಏನು ಗೊತ್ತಾಗ್ಬೇಕು? ಪಾಸ್ಪೋರ್ಟಿನ ಕಾಗದ ಅಂತ ಹಾಕಿದ್ದ. ನಾ ಎದ್ದೆ, "ಈಗ ಹೋಗ್ತೀನಿ" ಅಂದೆ. ಸೈದು ಬಾಗ್ಲಾಗ ಅಡ್ಡ ನಿಂತ. "ಒಬ್ಬನ ಹೋದ್ರ ನಿನ್ನೂ ಹಾಕ್ತಾರ. ನಾಳೆ ಬೆಳಿಗ್ಗೆ. ನಾ ಬರ್ತೀನಿ, ಊರು ಬರತೈತಿ." ನನಗ ನಂಬಿಕಿ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದ್ರ ಮನಿ ಮುಂದ ಹೆಣ್ಮಕ್ಳು, ಗಂಡಸರು, ಕೂಸು ಕಟ್ಕೊಂಡೋರು, ಮೂವತ್ತು ನಲವತ್ತು ಮಂದಿ. ನಾ ನುಚ್ಚು ಮಾಡಿ ಕೊಟ್ಟಿದ್ನಲ್ಲ, ಆ ಮಂದಿ. ಅರ್ಧ ದಿನ ನಡದ್ವಿ.

ಠಾಣಾ ಅಂದ್ರ ಒಂದು ಹಂಚಿನ ಮನಿ, ಮುಂದ ಮರಳಿನ ಮೂಟಿ, ಬಂದೂಕಿನ ಸಿಪಾಯಿ. ಸೈದು ಹೋಗಿ ಬಿಸಿಲಾಗ ನೆಲಕ್ಕ ಕುಂತ, ಬೆನ್ನು ನೆಟ್ಟಗ. ಅವನ ಹಿಂದ ಎಲ್ಲಾರೂ ಕುಂತ್ರು. ಸಿಪಾಯಿ ಬೈದ, ಬಂದೂಕಿನ ಹಿಡಿಲೆ ಒಬ್ಬಾಕಿನ್ನ ದಬ್ಬಿದ. ಯಾರೂ ಏಳಲಿಲ್ಲ. ಆ ದಿನ ಹೋತು. ಮಾರನೇ ದಿನ ಮಧ್ಯಾಹ್ನ ಸಾಹೇಬ ಹೊರಗ ಬಂದ. ಸಣ್ಣ ವಯಸ್ಸಿನೋನು, ಅವಗೂ ನಿದ್ದಿ ಇದ್ದಂಗಿರಲಿಲ್ಲ. "ಏನು ಮುದುಕಾ?" ಅಂದ. ಆವಾಗ ಸೈದು ಎದ್ದು ನಿಂತು ಮಾತಾಡಿದ. ನನಗ ಒಂದು ಅಕ್ಷರ ತಿಳೀಲಿಲ್ಲ. ಮಾತು ಮುಗಿಯೋ ಹೊತ್ತಿಗೆ ಫಾತಿ ಬಾಯಿಗೆ ಸೆರಗು ಒತ್ಕೊಂಡು ಕುಸದು ಕುಂತ್ಳು. ಊರ ಮಂದಿ ಎಲ್ಲಾ ಸೈದುನ್ನ ನೋಡಾಕತ್ತಿದ್ರು. ಅವ ನನ್ನ ಕಡೆ ತಿರುಗಿ, ಮುರುಕ ಇಂಗ್ಲಿಷ್ನ್ಯಾಗ ನನಗೂ ಹೇಳಿದ. "ಕೊತ್ರಾ, ಮೋಟ್ರು ಒಯ್ದೋನು ಮ್ಯಾನೇಜರ್. ಬಾಗಲು ತಗದೋನು ನಾನು. ಹೊಳಿ ದಾಟ್ಸಿ ಆ ಕಡೆ ಮಾರಿದ. ಬಾಯಿ ಬಿಟ್ರ ಕೆಲಸ ಹೋಗತೈತಿ, ಮನಿಗೆ ಕಾಳಿಲ್ಲ ಅಂತ ಸುಮ್ನಿದ್ದೆ. ನಿನಗ ಹೇಳ್ಬೇಕಂತ ಬಂದೆ, ಬಾಯಿ ಬರಲಿಲ್ಲ. ಅರಸರ ಕತಿ ಹೇಳಿದೆ. ತಿಳ್ಕೊಂತೀ ಅಂದ್ಕೊಂಡೆ."

ನನಗ ಸಿಟ್ಟು ಬಂತು, ಅವನ ಕುತಿಗಿ ಹಿಡೀಲೇನು ಅನ್ನೋವಷ್ಟು ಸಿಟ್ಟು ಬಂತು. ಅವನ ಮನಿ ಗಂಜಿ ಹೊಟ್ಟಿಯಾಗೈತಿ, ಹೆಂಗ ಹಿಡೀಲಿ? ಸಾಹೇಬ ಎಲ್ಲಾ ಬರಕೊಂಡ. ಆಮ್ಯಾಲ ಒಂದೇ ಮಾತು ಅಂದ, ಸೈದು ನನಗ ತಿಳಿಸಿ ಹೇಳಿದ. ಕಳುವು ಆಗೈತಿ, ಮ್ಯಾನೇಜರ್ ಕೈಗೆ ಸಿಗೋನಲ್ಲ, ಮ್ಯಾಲಿನೋರಿಗೆ ಒಬ್ಬ ಮನಷ್ಯಾನ್ನ ತೋರಿಸ್ಬೇಕು. ಬಾಗಲು ತಗದೋನು ಒಪ್ಕೊಂಡಾನ, ಅವನ್ನ ಇಟ್ಕೊಂತೀನಿ, ಇವನ್ನ ಬಿಡ್ತೀನಿ. ಸೈದು ಹ್ಞೂಂ ಅಂತ ತಲಿ ಹಾಕಿದ. ಮೊದಲೇ ಅದನ್ನ ಲೆಕ್ಕ ಹಾಕ್ಕೊಂಡು ಬಂದಿದ್ದ ಅನ್ನಂಗ ತಲಿ ಹಾಕಿದ.

ಒಳಗಿಂದ ಹನುಮಂತರಾಯನ್ನ ತಂದ್ರು. ನಾ ಗುರ್ತು ಹಿಡೀಲಿಲ್ಲ. ಗಡ್ಡ, ಕಣ್ಣು ಗುಳಿ, ಕಾಲು ಎಳಕೊಂಡು ಬಂದ. ನನ್ನ ನೋಡಿ "ಕೊಟ್ರಣ್ಣ" ಅಂದ. ಬಾಗ್ಲಾಗ ಇಬ್ರೂ ಎದುರುಬದುರು ಆದ್ರು, ಅವ ಹೊರಗ, ಸೈದು ಒಳಗ. ಸೈದು ತನ್ನ ನೀಲಿ ನಿಲುವಂಗಿ ತಗದು ಇವನ ಮೈಮ್ಯಾಲ ಹಾಕಿದ. ಇವಗ ಅಂಗಿ ಇರಲಿಲ್ಲ. ನನಗ ಅಂದ, "ಕತಿಯಾಗಿನ ತಮ್ಮ ತಪ್ಪಿಸ್ಕೊಂಡಂಗ ನೀವೂ ಹೊಳಿ ದಾಟ್ಬೇಕು. ಇವತ್ತ ದಾಟ್ರಿ, ನಾಳೆ ಇವರ ಮನಸು ಹೆಂಗಿರತೈತೋ." ನಾ ಅವನ ಕೈ ಹಿಡೀಬೇಕಿತ್ತು. ಹಿಡೀಲಿಲ್ಲ. ಸಿಟ್ಟು ಇನ್ನಾ ಇತ್ತಪಾ ನನ್ನೊಳಗ. ಒಂದು ಮಾತು ಆಡ್ಲಿಲ್ಲ, ತಿರುಗಿ ನೋಡ್ಲಿಲ್ಲ.

ಊರ ಮಂದಿ ನಮ್ಮನ್ನ ಹೊಳಿಗೆ ಕರ್ಕೊಂಡು ಹೋಗಿ ಉದ್ದನ ಕಟ್ಟಿಗಿ ದೋಣಿಯಾಗ ಕೂಡ್ರಿಸಿದ್ರು. ಹೊತ್ತು ಇನ್ನಾ ಮುಣಗಿರಲಿಲ್ಲ. ನಟ್ಟ ನಡುವ ಸೆಳವಿನ್ಯಾಗ ದೋಣಿ ತಿರುಗಾಕ ಹತ್ತಿತು. ಹನುಮಂತರಾಯ ನನ್ನ ತೊಡಿ ಮ್ಯಾಲ ತಲಿ ಇಟ್ಕೊಂಡು, "ಬುಡು ಕೊಟ್ರಣ್ಣ, ನನ್ನ ನೀರಿಗೆ ಬುಡು" ಅಂದ. ಎರಡೂ ಕೈಲೆ ಅವನ್ನ ಬಿಗಿಯಾಗಿ ಹಿಡ್ಕೊಂಡೆ. ಆ ದಂಡಿಗೆ ಮುಟ್ಟಿದ್ವಿ. ಅಲ್ಲಿ ಅಂಗಡಿ ಇಟ್ಕೊಂಡಿದ್ದ ಒಬ್ಬ ಗುಜರಾತಿ ಮನಷ್ಯಾ ಇಟ್ಕೊಂಡ, ಔಷಧ ಕೊಡ್ಸಿದ, ನಮ್ಮ ದೇಶದ ಕಚೇರಿಗೆ ಬರದು ಕಾಗದ ಮಾಡ್ಸಿದ. ಒಂದೂವರಿ ತಿಂಗ್ಳಾತು ಮನಿ ಮುಟ್ಟಾಕ. ನಿಮ್ಮಜ್ಜಿ ನನ್ನ ನೋಡಿ, ಯಾರ್ರಿ ನೀವು ಅಂದ್ಳು. ಖರೇನ ಹಂಗಂದ್ಳು.

ಹನುಮಂತರಾಯ ಅದಾನ, ಮಡಕಶಿರದಾಗ. ಕಾಲು ನೆಟ್ಟಗಾಗಲಿಲ್ಲ. ಕರೆಂಟ್ ಕಂಬ ಹತ್ತೋದು ಬಿಟ್ಟು ಕುಂತಲ್ಲೇ ಫ್ಯಾನು ರಿಪೇರಿ ಮಾಡ್ತಾನ. ಯಾವ ಕಾಗದಕ್ಕೂ ಸಂತಕ ಹಾಕಂಗಿಲ್ಲ, ಮಂಡಲ ಆಫೀಸಿಗೂ ಮಗಳನ್ನ ಕಳಿಸ್ತಾನ. ನಾ ಹೋದ್ರ ಇಬ್ರೂ ಕುಂತು ಚಾ ಕುಡಿತೀವಿ, ಆ ಊರಿನ ಮಾತು ಎತ್ತಂಗಿಲ್ಲ. ಒಂದೇ ಸಲ ಎತ್ತಿದ್ವಿ. ಫಾತಿ ಯಾರ ಕೈಲೋ ಫೋನು ಮಾಡ್ಸಿದ್ಳು, ಆ ದಂಡಿ ಅಂಗಡಿಯೋನ ನಂಬರಿಗೆ, ಅವ ನನಗ ಹೇಳಿದ. ಮೂರು ತಿಂಗ್ಳ ಮ್ಯಾಲ ಸೈದುನ್ನ ಬಿಟ್ರಂತ. ಕಾಲು ಊದಿದ್ವಂತ, ನಡ್ಯಾಕ ಬರ್ತಿರಲಿಲ್ಲಂತ, ಎತ್ಕೊಂಡು ತಂದ್ರಂತ. ಒಂಬತ್ತು ದಿನ ಮನಿಯಾಗ ಇದ್ನಂತ. ಹೋಗಿಬಿಟ್ನಂತ. ಸಾಯೋ ಮುಂದ ಕೇಳಿದ್ನಂತ, ಕೊತ್ರಾ ಸಿಟ್ಟಾಗ ಹೋದ್ನಲ್ಲ, ಸಿಟ್ಟು ಇಳೀತೇನಂತ. ಇದನ್ನ ನಾ ಮಡಕಶಿರಕ್ಕ ಹೋಗಿ ಹೇಳಿದೆ. ಹನುಮಂತರಾಯ ಸ್ಕ್ರೂಡ್ರೈವರ್ ಕೆಳಗಿಟ್ಟ. "ಇಳೀತು ಅಂತ ಯೋಳಿ ಕಳ್ಸಬೇಕಿತ್ತು ಕಣಣ್ಣ" ಅಂದ. ಯಾರಿಗೆ ಹೇಳಿ ಕಳ್ಸಲಿ? ಇಳಿದೇ ಎಷ್ಟೋ ದಿನ ಆಗಿತ್ತು. ದಿನಾ ನಾಳೆ ಆ ಅಂಗಡಿಯೋನಿಗೆ ಫೋನ್ ಮಾಡಿ ಹೇಳೋಣು ಅಂದ್ಕೊಂಡೆ, ಮಾಡ್ಲಿಲ್ಲ.

ಸೈದುನೂ ಬಾಯಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಅದಕ್ಕ ಹೇಳ್ತೀನಿ ಕೇಳು ಗೌರೀ, ನೀನೂ ಕೇಳೋ ಸಿದ್ದು. ಯಾರಿಗಾರ ಏನಾರ ಹೇಳೋದಿತ್ತಂದ್ರ ಅವತ್ತೇ ಹೇಳ್ಬೇಕು, ಬಿಚ್ಚಿ ಹೇಳ್ಬೇಕು. ಸುತ್ತಿ ಬಳಸಿ ಕತಿ ಮಾಡಿ ಹೇಳ್ಕೋತ ಕುಂದ್ರಬಾರ್ದು. ಏಳ್ರಿ, ಕೈ ತೊಳ್ಕೊಳ್ರಿ, ಅಜ್ಜಿ ರೊಟ್ಟಿ ಮಾಡ್ಯಾಳ.